ಅಳತೆ ದಿಬ್ಬ

ಕತ್ತೆಗಳ ಬೆನ್ನಿನ ಹುಣ್ಣಿಗೆ ಮೊದಲು ಮುಲಾಮು ಬಂತು. ಮನುಷ್ಯರ ಸರದಿ ಬರಲೇ ಇಲ್ಲ. ಕಥೆ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ವಿಧಾನಸೌಧದವರು ನಿಟ್ಟುಸಿರು ಬಿಟ್ಟು ಕಾಫಿಗೆ ಎದ್ದು ಹೋಗುತ್ತಾರೆ. ಅದಕ್ಕೇ ಪೂರ್ತಿ ಹೇಳಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೀಣ್ಯದಲ್ಲಿ ಒಂದು ಶೆಡ್ಡಿಗೆ ತಗಡು ಹೊದಿಸುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದಕ್ಕೆ ಪಾಯ ತೋಡುತ್ತಿದ್ದರು. ಪಾಯ ಎಂದರೆ ಮಣ್ಣು. ಮಣ್ಣು ಎಂದರೆ ಒಡ್ಡರು. ತಗ್ಗಿನಲ್ಲಿ ಅಗೆಯಬೇಕು, ಮಂಕರಿಗೆ ತುಂಬಬೇಕು, ಅರ್ಧ ಕತ್ತೆಯ ಬೆನ್ನಿಗೆ, ಅರ್ಧ ತಮ್ಮ ತಲೆಗೆ. ಎತ್ತರಕ್ಕೆ ಹತ್ತಿ ಸುರಿಯಬೇಕು. ಮತ್ತೆ ತಗ್ಗಿಗೆ ಇಳಿಯಬೇಕು. ಬೆಳಗಿನಿಂದ ಬೈಗಿನವರೆಗೆ ಅದೇ. ಪೀಣ್ಯದ ಯಾವ ಕಾರ್ಖಾನೆಯ ನೆಲ ಮೆಟ್ಟಿದರೂ ಅದು ಇವರು ಹೊತ್ತ ಮಣ್ಣು. ನೆಲ ಗಟ್ಟಿಯಾಗಿ ಗೇಟು ಕೂತ ಮೇಲೆ ಮಾತ್ರ ವಾಚ್‌ಮನ್ನು ಇವರನ್ನು ಒಳಕ್ಕೆ ಬಿಡುತ್ತಿರಲಿಲ್ಲ.

ಮಣ್ಣು ತೆಗೆದ ಗುಂಡಿಯ ದಡದಲ್ಲೇ ಅವರ ಗುಡಿಸಲುಗಳು. ಸಾಲಿನ ಕೊನೆಯದು ವೆಂಕಟಮ್ಮನದು. ಗಂಡ ಯಾವುದೋ ಪಾಯದಲ್ಲಿ ಮಣ್ಣು ಕುಸಿದು ಸತ್ತು ಬಹಳ ಕಾಲವಾಗಿತ್ತು. ಉಳಿದದ್ದು ಮಗಳು ಪಿಳ್ಳಮ್ಮ ಮತ್ತು ಒಂದು ಜೊತೆ ಕತ್ತೆ. ಪಿಳ್ಳಮ್ಮ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ತವರು ಎಂದರೆ ಇದೇ, ನಡು ಬಗ್ಗಿಸಿ ಒಳಗೆ ನುಸುಳಬೇಕಾದ ಈ ಗೂಡು. ಅವಳ ಗಂಡ ಕೃಷ್ಣಪ್ಪ ಸರ್ಜಾಪುರದ ಕಡೆ ಕೆರೆ ಹೂಳೆತ್ತಲು ಹೋಗಿದ್ದ.

ಒಂದು ದಿನ ವೆಂಕಟಮ್ಮ ಕತ್ತೆ ಹೊಡೆದುಕೊಂಡು ದಿಣ್ಣೆ ಹತ್ತುತ್ತಿದ್ದಾಗ ರಸ್ತೆಯಲ್ಲಿ ಕಾರು ನಿಂತಿತು. ಇಳಿದವರು ಶಾಸಕಿ ಅನುಸೂಯಮ್ಮ. ಖಾದಿ ಸೀರೆ, ದಪ್ಪ ಕನ್ನಡಕ. ಬೀದಿನಾಯಿ, ಜಟಕಾ ಕುದುರೆ, ಕಸಾಯಿಖಾನೆಗೆ ಹೋಗುವ ಎತ್ತು, ಹೀಗೆ ಮೂಕಪ್ರಾಣಿಗಳ ಪರವಾಗಿ ವಿಧಾನಸಭೆಯಲ್ಲಿ ಎದ್ದು ನಿಲ್ಲುತ್ತಾರೆಂದು ಪೇಪರಿನಲ್ಲಿ ಆಗಾಗ ಅವರ ಫೋಟೋ ಬರುತ್ತಿತ್ತು. ವೆಂಕಟಮ್ಮ ಪೇಪರು ಕಂಡವಳಲ್ಲ.

"ನಿಲ್ಸಮ್ಮ ಕತ್ತೇನ! ನಿಂಗೆ ಕರುಳು ಅನ್ನೋದು ಇದೆಯಾ? ಅದರ ಬೆನ್ನು ನೋಡು, ಕೀವು ಸೋರ್ತಿದೆ. ಅದರ ಮೇಲೇ ಹೊರಿಸ್ತೀಯಲ್ಲ, ಅದಕ್ಕೆ ಬಾಯಿ ಇಲ್ಲ ಅಂತ ತಾನೆ?"

ವೆಂಕಟಮ್ಮ ತಲೆಯ ಮೇಲಿನ ಮಂಕರಿ ಇಳಿಸಿದಳು. ಸಿಂಬಿ ತೆಗೆದಳು. ತಲೆ ಬಗ್ಗಿಸಿ ತೋರಿಸಿದಳು. ನೆತ್ತಿಯಲ್ಲಿ ಕೂದಲಿರಲಿಲ್ಲ. ಅಂಗೈಯಗಲ ಚರ್ಮ ದಡ್ಡುಗಟ್ಟಿ, ನಡುವೆ ಬಿರಿದು, ಬಿರುಕಿನಲ್ಲಿ ಕೆಂಪು ಮಣ್ಣು ಕೂತಿತ್ತು.

"ನಂಗೆ ಬಾಯೈತೆ ಕಣವ್ವ. ಅದನ್ನ ಇಟ್ಕೊಂಡು ಏನ್ ಮಾಡ್ಲಿ, ನೀವೇ ಏಳಿ."

ಅನುಸೂಯಮ್ಮ ಕನ್ನಡಕ ಸರಿಮಾಡಿಕೊಂಡು ಆ ನೆತ್ತಿಯನ್ನು ಬಗ್ಗಿ ನೋಡಿದರು. ಆಮೇಲೆ ಅವರು ಹೆಸರು ಕೇಳಿದರು, ಮನೆ ಕೇಳಿದರು, ಬಗ್ಗಿ ಗುಡಿಸಲಿನ ಒಳಕ್ಕೂ ಬಂದರು. ಪಿಳ್ಳಮ್ಮ ಹೊಟ್ಟೆ ಹಿಡಿದುಕೊಂಡು ಎದ್ದು ಚಾಪೆ ಕೊಟ್ಟಳು. ಅವರು ಕೂತರು. ಕುಡಿಯುವ ನೀರು ಎಲ್ಲಿಂದ ಎಂದು ಕೇಳಿದ್ದಕ್ಕೆ ವೆಂಕಟಮ್ಮ ಗುಂಡಿಯ ಕಡೆ ಕೈ ತೋರಿಸಿದಳು. ಅನುಸೂಯಮ್ಮನವರ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕಾರು ನಿಲ್ಲಿಸುತ್ತಲೇ ಇರಲಿಲ್ಲ. ಕಾರು ನಿಲ್ಲಿಸದೆ ಹೋಗಿದ್ದರೆ ಒಂದು ಜೀವ ಉಳಿಯುತ್ತಿತ್ತೋ ಏನೋ. ಇದನ್ನು ಯಾರ ಹತ್ತಿರ ಹೋಗಿ ಕೇಳುವುದು?

"ಪೀಣ್ಯದ ಪ್ಲಾನು ನಾನು ನೋಡಿದೀನಿ ವೆಂಕಟಮ್ಮ," ಎಂದರು. "ಕಾರ್ಖಾನೆಗೆ ಜಾಗ ಇದೆ, ರಸ್ತೆಗಿದೆ, ಲಾರಿ ನಿಲ್ಸೋಕಿದೆ, ಪಾರ್ಕಿಗೂ ಇದೆ. ಕಟ್ಟೋ ಜನ ಎಲ್ಲಿರ್ಬೇಕು ಅಂತ ಮಾತ್ರ ಇಲ್ಲ. ಕತ್ತೆ ವಿಷಯ, ನಿಮ್ಮ ಮನೆ ವಿಷಯ, ಪ್ಲಾನ್ ವಿಷಯ, ಮೂರೂ ಸೇರಿಸಿ ಸಭೇಲಿ ಪ್ರಶ್ನೆ ಕೇಳ್ತೀನಿ. ಸರ್ಕಾರ ಉತ್ತರ ಕೊಡ್ಲೇಬೇಕು. ಇಲ್ಲಿ ಜನ ವಾಸ ಇದಾರೆ ಅಂತ ಒಂದ್ಸಲ ಮಂತ್ರಿ ಬಾಯಲ್ಲಿ ಬಂದ್ಬಿಟ್ರೆ ಸಾಕು, ನಿಮಗೆಲ್ಲ ಸೈಟು ಕೊಡಿಸೋದು ನನ್ನ ಜವಾಬ್ದಾರಿ. ಕೇಳೋಕೆ ಯಾರಾದ್ರೂ ಬಂದ್ರೆ ಇದ್ದದ್ದು ಇದ್ದಂಗೆ ಹೇಳಿ. ಅಷ್ಟೇ ನೀವು ಮಾಡ್ಬೇಕಾದ್ದು."

ಪ್ರಶ್ನೆ ಸಭೆಗೆ ಹೋಯಿತು. ಪ್ರಶ್ನೆ ಹೋದ ಮೇಲೆ ಆಫೀಸುಗಳಿಗೆ ಜ್ವರ ಬರುವುದು ವಾಡಿಕೆ. ಮೊದಲು ಬಂದವನು ದನದ ಡಾಕ್ಟರು. ಪಾಪದ ಮನುಷ್ಯ. ಒಂದೊಂದೇ ಕತ್ತೆಯ ಬೆನ್ನು ತೊಳೆದು ಮುಲಾಮು ಹಚ್ಚಿದ. ಕತ್ತೆಗೆ ನೆರಳಿದೆಯೇ ಎಂದು ಕೇಳಿದ. ಗುಂಪಿನ ಯಜಮಾನ ಆವಲಪ್ಪ ಏನು ಹೇಳುವುದೆಂದು ತಿಳಿಯದೆ ತನ್ನ ಗುಡಿಸಲಿನ ಕಡೆಗೇ ಬೆರಳು ತೋರಿಸಿದ. ಡಾಕ್ಟರು ಬಗ್ಗಿ ಒಳಗಿನ ಕತ್ತಲೆಗೆ ಕಣ್ಣು ಹಾಯಿಸಿ, "ಪರವಾಗಿಲ್ಲ, ಕೊಟ್ಟಿಗೆ ಬೆಚ್ಚಗಿದೆ. ಇದನ್ನ ಯಾರೂ ಕೀಳಬಾರದು ಅಂತ ಬರೀತೀನಿ," ಎಂದು ಹೇಳಿ ಹೋದ. ಆ ಮಾತು ಆವಲಪ್ಪನ ತಲೆಯಲ್ಲಿ ಕೂತುಬಿಟ್ಟಿತು.

ಏಕೆ ಕೂತಿತು ಎಂದರೆ, ಗುಡಿಸಲು ಕೀಳುವುದು ಅಂದರೆ ಏನೆಂದು ಅವರಿಗೆ ಗೊತ್ತಿತ್ತು. ಎಮರ್ಜೆನ್ಸಿ ಕಾಲದಲ್ಲಿ ಇನ್ನೊಂದು ಕಡೆ ಇದ್ದಾಗ ಹೀಗೆಯೇ ಯಾರೋ ಬಂದು, ಎಷ್ಟು ಜನ ಇದ್ದೀರಿ ಎಂದು ನಯವಾಗಿ ಕೇಳಿ ಹೋಗಿದ್ದರು. ಮಾರನೆಯ ದಿನ ಲಾರಿ ಬಂತು. ಮಡಕೆ, ಮಕ್ಕಳು, ಮುದುಕರು ಎಲ್ಲವನ್ನೂ ತುಂಬಿಕೊಂಡು ಹೋಗಿ ಬೊಮ್ಮನಹಳ್ಳಿಯಿಂದಾಚೆ ಬಯಲಲ್ಲಿ ಸುರಿದು ಬಂದಿದ್ದರು. ವೆಂಕಟಮ್ಮನ ಅತ್ತೆ ಆ ಬಯಲಲ್ಲೇ ಸತ್ತಳು.

ಈಗ ಕಂದಾಯ ಇಲಾಖೆಯ ಶೇಕದಾರ ಬರುತ್ತಾನೆಂದು ಸುದ್ದಿ ಬಂತು. ಇಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಖುದ್ದು ನೋಡಿ ಬರೆದುಕೊಳ್ಳುತ್ತಾನಂತೆ. ಎಲ್ಲರೂ ಗುಂಡಿಯ ದಡದಲ್ಲಿ ಸೇರಿದರು.

"ಮನೆ ಅಂದ್ರೆ ಕೀಳ್ತಾರೆ," ಎಂದ ಆವಲಪ್ಪ. "ಕೊಟ್ಗೆ ಅಂದ್ರೆ ಕೀಳಾಕಿಲ್ಲ. ಡಾಕ್ಟ್ರೇ ಅಂದವ್ನೆ. ಯಾರೂ ಇಲ್ಲ, ಬರೀ ಕತ್ತೆ ಕಟ್ತೀವಿ ಅಂತ ಏಳಾನ."

"ಆವಮ್ಮ ಇದ್ದಂಗೆ ಏಳಿ ಅಂದವ್ರಲ್ಲಣ್ಣ," ಎಂದಳು ವೆಂಕಟಮ್ಮ. "ಜನ ಅವ್ರೆ ಅಂದ್ರೇನೇ ಸೈಟು ಅಂತೆ."

"ಆವಮ್ಮ ರಾತ್ರಿ ಮಲ್ಗಾಕೆ ಮಾಳ್ಗೆ ಮನೆಗೆ ಓಯ್ತಾರೆ. ಲಾರಿ ಬಂದ್ರೆ ಅದ್ರ ಮ್ಯಾಲೆ ಅತ್ತೋರು ಯಾರು? ನಿಮ್ಮತ್ತೇನ ಮರ್ತ್ಬಿಟ್ಯಾ?"

ಮರೆತಿರಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡಳು. ಶಾಸಕಿಯ ಹತ್ತಿರವೇ ಮಾತಾಡಿದ ಗಟ್ಟಿಗಿತ್ತಿ, ಶೇಕದಾರನ ಹತ್ತಿರವೂ ನೀನೇ ಮಾತಾಡು ಎಂದು ಎಲ್ಲರೂ ಅವಳ ತಲೆಗೇ ಕಟ್ಟಿದರು. ನಗರದ ಜನ ಈಗ ಇದನ್ನು ಕೇಳಿ, ಎಂಥಾ ಪೆದ್ದರು ಎಂದು ನಗಬಹುದು. ನಗಲಿ. ಸರ್ಕಾರ ಒಂದೇ ಒಂದು ಸಲವಾದರೂ ಇವರನ್ನು ಮನುಷ್ಯರೆಂದು ಲೆಕ್ಕ ಹಿಡಿದು ಒಳ್ಳೆಯದು ಮಾಡಿದ್ದರೆ ಇವರು ಕತ್ತೆಯ ನೆರಳಿನಲ್ಲಿ ಅಡಗಲು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಪಿಳ್ಳಮ್ಮ ಹೆತ್ತಿದ್ದಳು. ಗಂಡು. ಹೊಕ್ಕುಳಬಳ್ಳಿ ಆಗತಾನೇ ಉದುರಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ.

ಶೇಕದಾರ ಬರುವ ದಿನ ಬೆಳಗ್ಗೆಯೇ ಒಲೆಗೆ ನೀರು ಹೊಯ್ದರು. ಬೂದಿ ಬಳಿದು ಎಸೆದರು. ಮಡಕೆ, ಚಾಪೆ, ಕೌದಿ ಎಲ್ಲ ಗುಂಡಿಗೆ ಇಳಿದವು. ಹಿಂದೆಯೇ ಹೆಂಗಸರು, ಮಕ್ಕಳು. ಕತ್ತೆಗಳು ಗುಡಿಸಲಿನ ಒಳಗೆ ಹೋಗಲು ಒಪ್ಪಲಿಲ್ಲ. ಅವಕ್ಕೂ ಗೊತ್ತು ಅದು ತಮ್ಮ ಜಾಗವಲ್ಲವೆಂದು. ವೆಂಕಟಮ್ಮ ಹೆಗಲು ಕೊಟ್ಟು ತಳ್ಳಿದಳು.

"ಅವ್ವಾ, ಗಾಳಿ ಐತೆ," ಎಂದಳು ಪಿಳ್ಳಮ್ಮ. "ನಾನು ಇಲ್ಲೇ ಮೂಲೇಲಿ ಕುಂತಿರ್ತೀನಿ. ಕಾಣಾಕಿಲ್ಲ."

"ಒಂದ್ಗಳಿಗೆ ಕಣೆ. ಬಂದ್ರು, ನೋಡಿದ್ರು, ಒಂಟೋದ್ರು. ಇಳಿ."

ಹಸಿ ಬಾಣಂತಿ ಕೂಸನ್ನು ಗೋಣಿಯಲ್ಲಿ ಸುತ್ತಿಕೊಂಡು ಗುಂಡಿಗೆ ಇಳಿದಳು. ಬೆಳಗ್ಗೆ ಬರುತ್ತೇನೆಂದ ಶೇಕದಾರ ಬಂದದ್ದು ಹೊತ್ತು ವಾಲಿದ ಮೇಲೆ. ಮಧ್ಯಾಹ್ನದಿಂದ ಸೋನೆ ಹಿಡಿದಿತ್ತು. ಆಷಾಢದ ಗಾಳಿ. ಗುಂಡಿಯ ಗೋಡೆಗೆ ಬೆನ್ನು ಕೊಟ್ಟು ಅವರೆಲ್ಲ ಅಷ್ಟು ಹೊತ್ತೂ ಕುಕ್ಕರುಗಾಲಲ್ಲಿ ನೆನೆದರು. ಸದ್ದು ಮಾಡಬಾರದಲ್ಲ. ಪಿಳ್ಳಮ್ಮ ಕೂಸಿನ ಬಾಯಿಗೆ ಮೊಲೆ ಇಟ್ಟು, ಮೇಲೆ ಬಗ್ಗಿ, ತನ್ನ ಬೆನ್ನನ್ನೇ ಸೂರು ಮಾಡಿಕೊಂಡು ಕೂತಿದ್ದಳು. ಬೆನ್ನಿನಿಂದ ನೀರು ಇಳಿದು ಗೋಣಿ ನೆನೆಯಿತು.

ಶೇಕದಾರ ಕೊಡೆ ಹಿಡಿದು ರಸ್ತೆಯ ಅಂಚಿನಲ್ಲೇ ನಿಂತ. ಬೂಟಿಗೆ ಕೆಸರಾಗಬಾರದು.

"ಇಲ್ಲಿ ಯಾರು ವಾಸ ಇರೋದು?"

"ಯಾರೂ ಇಲ್ಲ ಸ್ವಾಮಿ."

"ಮತ್ತೆ ಇವು?"

"ಕತ್ತೆ ಕಟ್ತೀವಿ."

"ನೀನೆಲ್ಲಿರೋದು?"

"ಆ ಕಡೆ ಊರು ಸ್ವಾಮಿ."

ಮೂಗಿಗೆ ಕರ್ಚೀಫು ಹಿಡಿದು, ಕೆಸರು ತಪ್ಪಿಸುತ್ತಾ ಬಂದು ರಸ್ತೆಗೆ ಹತ್ತಿರದ ಗುಡಿಸಲೊಳಗೆ ಇಣುಕಿದ. ಅದು ವೆಂಕಟಮ್ಮನದೇ. ಗೋಡೆಯಲ್ಲಿ ಬಾಣಂತಿ ಒರಗಿ ಕೂತ ಕಡೆ ಎಣ್ಣೆ ಅರಿಶಿನದ ಕಲೆ ಇತ್ತು. ಕಂಡಿರಬೇಕು. ಆದರೆ ಕತ್ತೆಯೂ ಇತ್ತಲ್ಲ, ಅವನಿಗೆ ಅಷ್ಟು ಸಾಕಾಯಿತು. ತಲೆ ಹೊರಗೆಳೆದುಕೊಂಡು ಬರೆದುಕೊಳ್ಳುತ್ತಿದ್ದಾಗ ಗುಂಡಿಯಿಂದ ಸಣ್ಣಗೆ ಅಳು ಕೇಳಿತು.

"ಏನದು?"

"ಕತ್ತೆಮರಿ ಸ್ವಾಮಿ," ಎಂದಳು. "ಮೊನ್ನೆ ಉಟ್ಟಿದ್ದು."

ಅವನು ತಲೆಯಾಡಿಸಿದ. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ರಾತ್ರಿಯೇ ಕೂಸಿಗೆ ಪಕ್ಕೆ ಹೊಡೆದುಕೊಳ್ಳಲು ಶುರುವಾಯಿತು. ಉಸಿರು ಎಳೆದಾಗೆಲ್ಲ ಎಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಒದ್ದೆ ಒಲೆ ಬೇಗ ಹತ್ತಲಿಲ್ಲ. ಬೆಳಗ್ಗೆ ಹುಣ್ಣು ಒಣಗಿತೇ ನೋಡಲು ದನದ ಡಾಕ್ಟರು ಬಂದ. ವೆಂಕಟಮ್ಮ ಓಡಿಹೋಗಿ ಕೂಸನ್ನು ಅವನ ಕೈಗೇ ಚಾಚಿದಳು.

ಅವನು ಬೆಚ್ಚಿ ನೋಡಿದ. "ಇದು… ಇಲ್ಲಿ ಜನ ಇದೀರಾ?"

"ಅವೆಲ್ಲ ಆಮ್ಯಾಕೆ ಕೇಳು ನಮ್ಮಪ್ಪ. ಇದಕ್ಕೇನಾರ ಕೊಡು."

"ನಾನು ದನದ ಡಾಕ್ಟ್ರು ಕಣಮ್ಮ. ನನ್ನತ್ರ ಇರೋದು ಕತ್ತೆ ಔಷಧಿ. ಕೊಟ್ರೆ ಸತ್ತೋಗುತ್ತೆ. ದೊಡ್ಡಾಸ್ಪತ್ರೆಗೆ ತಗೊಂಡೋಗಿ, ಬೇಗ!" ಜೇಬಿನಲ್ಲಿದ್ದ ಚಿಲ್ಲರೆ ಅವಳ ಸೆರಗಿಗೆ ಸುರಿದ.

ತಾಯಿ ಮಗಳು ಜಾಲಹಳ್ಳಿ ಕ್ರಾಸಿನವರೆಗೆ ಓಡಿದರು. ಬಸ್ಸು ಬಂತು, ಮೈತುಂಬ ಕೆಸರಾದವರನ್ನು ಕಂಡು ನಿಲ್ಲದೆ ಹೋಯಿತು. ಇನ್ನೊಂದು ಬಸ್ಸು ಬರುವಷ್ಟರಲ್ಲಿ ಪಿಳ್ಳಮ್ಮ, "ಅವ್ವಾ, ಮಲ್ಗವ್ನೆ. ಉಸ್ರು ಅಗುರ ಆಗೈತೆ," ಎಂದಳು. ವೆಂಕಟಮ್ಮ ಸೆರಗು ಸರಿಸಿ ನೋಡಿದಳು. ಬಸ್ಸು ಬಂದು ನಿಂತಿತು. ಅವರು ಹತ್ತಲಿಲ್ಲ.

ಹೂಳುವುದೆಲ್ಲಿ? ಹಳ್ಳಿಯ ಸ್ಮಶಾನಕ್ಕೆ ಊರಿನವರು ಒಡ್ಡರನ್ನು ಬಿಡುತ್ತಿರಲಿಲ್ಲ. ಸುತ್ತ ಎಲ್ಲ ಕಾಂಪೌಂಡು. ಗುಂಡಿಯ ಮಣ್ಣೋ, ಇವತ್ತಲ್ಲ ನಾಳೆ ತಾವೇ ಅಗೆಯಬೇಕಾದದ್ದು. ಗುಂಡಿಯ ನಡುವೆ ಒಂದು ದಿಬ್ಬ ಇತ್ತು. ಮಣ್ಣು ಕೆಲಸದಲ್ಲಿ ಹೀಗೊಂದು ಪದ್ಧತಿ. ಸುತ್ತ ಎಲ್ಲ ಅಗೆದರೂ ನಡುವೆ ಒಂದು ದಿಬ್ಬವನ್ನು ಹಾಗೇ ಬಿಡುತ್ತಾರೆ. ಮೂಲದ ನೆಲ ಎಲ್ಲಿತ್ತು, ಎಷ್ಟು ಆಳ ಅಗೆದರು ಎಂದು ಇಂಜಿನಿಯರು ಅದಕ್ಕೆ ಟೇಪು ಹಿಡಿದು ಅಳೆಯುತ್ತಾನೆ. ಅಳತೆ ಆಗುವವರೆಗೆ ಅದಕ್ಕೆ ಗುದ್ದಲಿ ತಾಗಿಸುವಂತಿಲ್ಲ. ಅದರ ಮೇಲೆ ಹುಲ್ಲು ಹಾಗೇ ಇರುತ್ತದೆ. ಒಡ್ಡರ ಮಕ್ಕಳಿಗೆ ನಡೆಯಲು ಬಂದ ಕೂಡಲೇ ಕಲಿಸುವುದು ಅದನ್ನೇ, ದಿಬ್ಬ ಮುಟ್ಟಬೇಡ ಎಂದು.

"ಅಲ್ಲಿ ಇಡಾನ," ಎಂದಳು ವೆಂಕಟಮ್ಮ. "ಅದನ್ನ ಯಾರೂ ಅಗಿಯಾಕಿಲ್ಲ."

ಎಲ್ಲರೂ ಹೂಂ ಎಂದರು. ಆವಲಪ್ಪನೂ ಎಂದ. ಕೆಲಸ ಮುಗಿದ ದಿನ ಮೊದಲು ಕಡಿಯುವುದು ಆ ದಿಬ್ಬವನ್ನೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಒಬ್ಬನಿಗೂ ಹೊಳೆಯಲಿಲ್ಲ. ದುಃಖದಲ್ಲಿ ಮನುಷ್ಯ ತನಗೆ ಗೊತ್ತಿರುವುದನ್ನೇ ಮರೆಯುತ್ತಾನೆ. ದಿಬ್ಬದ ನೆತ್ತಿಯ ಹುಲ್ಲನ್ನು ಬೇರು ಮಣ್ಣಿನ ಸಮೇತ ಎತ್ತಿಟ್ಟುಕೊಂಡು, ಕೂಸಿಗೆ ಅರಿಶಿನ ಹಚ್ಚಿ ಮಲಗಿಸಿ, ಮಣ್ಣು ಮುಚ್ಚಿ, ಹುಲ್ಲನ್ನು ಮತ್ತೆ ಹೊದಿಸಿದರು.

ಪ್ರಶ್ನೆಗೆ ಉತ್ತರ ಬರುವ ದಿನ ಅನುಸೂಯಮ್ಮ ಕಾರು ಕಳಿಸಿದರು. ನೀನೇ ಬಂದು ನಿನ್ನ ಕಿವಿಯಾರೆ ಕೇಳು ಎಂದು ಹೇಳಿಕಳಿಸಿದ್ದರು. ವೆಂಕಟಮ್ಮ ಪಾಸು ಹಿಡಿದು, ಸಭೆ ನೋಡುವವರು ಕೂರುವ ಗ್ಯಾಲರಿಯಲ್ಲಿ ಕೂತಳು. ಕೆಳಗೆ ಮೆತ್ತನೆಯ ಕುರ್ಚಿಗಳು, ಮೇಲೆ ತಿರುಗುವ ಫ್ಯಾನುಗಳು. ಮಂತ್ರಿ ಎದ್ದು ಓದಿದ. ಪೀಣ್ಯದಲ್ಲಿ ಕತ್ತೆಗಳು ಗಾಯಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆ. ಔಷಧೋಪಚಾರ ಮಾಡಲಾಗಿದೆ. ಸದರಿ ಸ್ಥಳದಲ್ಲಿ ಕತ್ತೆಗಳಿಗೆ ನೀರಿನ ತೊಟ್ಟಿ ಮತ್ತು ತಗಡಿನ ಚಾವಣಿ ಮಂಜೂರಾಗಿದೆ. ಮೇಜು ಕುಟ್ಟಿದ ಸದ್ದಾಯಿತು. ಮಂತ್ರಿ ಹಾಳೆ ಮಗುಚಿದ.

"ಸದರಿ ಸ್ಥಳದಲ್ಲಿ ಜನವಸತಿ ಇರುವುದಿಲ್ಲ. ಆದ್ದರಿಂದ ನಿವೇಶನ ನೀಡುವ ಪ್ರಶ್ನೆಯಾಗಲಿ, ಯೋಜನೆಯನ್ನು ಬದಲಿಸುವ ಪ್ರಶ್ನೆಯಾಗಲಿ ಉದ್ಭವಿಸುವುದಿಲ್ಲ."

ಅನುಸೂಯಮ್ಮ ದಡಕ್ಕನೆ ಎದ್ದರು. "ಏನ್ ಸ್ವಾಮಿ ಇದು? ನಾನೇ ಆ ಮನೆಯೊಳಗೆ ಕೂತು ಬಂದಿದೀನಿ!"

"ಮಾನ್ಯ ಸದಸ್ಯೆಯವರು ಕತ್ತೆ ಕೊಟ್ಟಿಗೆಯಲ್ಲಿ ಕೂತು ಬಂದಿದ್ದರೆ ಸರ್ಕಾರ ಹೊಣೆಯಲ್ಲ," ಎಂದ ಮಂತ್ರಿ. "ಅಲ್ಲಿ ಯಾರೂ ವಾಸವಿಲ್ಲವೆಂದು ಅಲ್ಲಿ ಕತ್ತೆ ಮೇಯಿಸುವ ಹೆಂಗಸೇ ಹೆಬ್ಬೆಟ್ಟು ಒತ್ತಿದ್ದಾಳೆ."

ಸಭೆಯೆಲ್ಲ ನಕ್ಕಿತು. ಆ ಪಕ್ಷ ಈ ಪಕ್ಷ ಎಂದಿಲ್ಲ, ಎಲ್ಲರೂ ನಕ್ಕರು. ವೆಂಕಟಮ್ಮ ಎದ್ದು ನಿಂತಳು. ನಾನು ಇದ್ದೀನಿ ಎಂದು ಕೂಗಬೇಕೆಂದು ಬಾಯಿ ತೆರೆದಳು. ನಾಲಗೆ ಹೊರಳಲಿಲ್ಲ. ಹಿಂದಿನಿಂದ ಪೇದೆ ಹೆಗಲು ಅದುಮಿ ಕೂರಿಸಿದ. ಕೂತಳು.

ಆಮೇಲೆ ಹೊರಗಿನ ಮೊಗಸಾಲೆಯಲ್ಲಿ ಅನುಸೂಯಮ್ಮ ಅವಳನ್ನು ತಡೆದು ನಿಲ್ಲಿಸಿದರು.

"ಯಾಕಮ್ಮ ಹಂಗಂದೆ? ಇದ್ದದ್ದು ಹೇಳು ಅಂತ ಹೇಳಿದ್ದೆನಲ್ಲ? ನನ್ನ ಕೈಯೇ ಕಡಿದು ಹಾಕಿದೆಯಲ್ಲ!"

"ಲಾರಿ ಬತ್ತದೆ ಅಂತ ಎದ್ರಿಕೆ ಆಯ್ತವ್ವ."

"ಹೋಗ್ಲಿ. ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳೋಣ. ಸದ್ಯ ತೊಟ್ಟಿಯಾದ್ರೂ ಬಂತಲ್ಲ. ಮಗಳು ಹೇಗಿದಾಳೆ? ಹೆರಿಗೆ ಆಯ್ತಾ?"

"ಆಯ್ತು. ಓಯ್ತು," ಎಂದಳು ವೆಂಕಟಮ್ಮ. ಶೇಕದಾರ ಬಂದ ದಿನ ನಡೆದದ್ದನ್ನೆಲ್ಲ ಹೇಳಿದಳು. ಅನುಸೂಯಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರನ್ನು ಸಮಾಧಾನ ಮಾಡುವ ಕೆಲಸವೂ ಕೊನೆಗೆ ವೆಂಕಟಮ್ಮನಿಗೇ ಬಂತು.

ತೊಟ್ಟಿ ಮಾತ್ರ ಬೇಗ ಬಂತು. ಸರ್ಕಾರ ಇಷ್ಟು ಚುರುಕು ಎಂದು ಯಾರಿಗೂ ಗೊತ್ತಿರಲಿಲ್ಲ. ಇಂಜಿನಿಯರು ಟೇಪು ಹಿಡಿದು ಬಂದ. ಇಲ್ಲಿ ಮಣ್ಣು ಕೆಲಸ ಮುಗಿಯಿತು, ಗುಂಡಿ ಸಮ ಮಾಡಿ ತೊಟ್ಟಿ ಕಟ್ಟುತ್ತೇವೆ, ಗುಡಿಸಲು ಇರುವ ಕಡೆ ತಗಡು ಹಾಕುತ್ತೇವೆ ಎಂದ. ದಿಬ್ಬಕ್ಕೆ ಟೇಪು ಇಳಿಬಿಟ್ಟು ಅಳೆದ. ಪುಸ್ತಕ ಮಡಚಿದ.

"ಹೂಂ, ಅಳತೆ ಆಯ್ತು. ದಿಬ್ಬ ಕಡೀರಿ."

ಆಗ ಹೊಳೆಯಿತು ಎಲ್ಲರಿಗೂ. ಆವಲಪ್ಪನ ಕೈಯಲ್ಲಿ ಹಾರೆ ಇತ್ತು. ಅವನು ದಿಬ್ಬ ನೋಡಿದ, ವೆಂಕಟಮ್ಮನನ್ನು ನೋಡಿದ. ಹಾರೆ ಎತ್ತಲು ಆಗಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತಿದ್ದ ಪಿಳ್ಳಮ್ಮ ಎದ್ದು ನಿಂತಳು. ಹಾಲು ಕಟ್ಟಿ ಅವಳ ರವಿಕೆ ಇನ್ನೂ ಒದ್ದೆಯಾಗುತ್ತಿತ್ತು.

ವೆಂಕಟಮ್ಮ ತಲೆಯ ಮೇಲಿನ ಮಂಕರಿ ಕೆಳಗೆ ಹಾಕಿದಳು. ದಿಬ್ಬ ಹತ್ತಿದಳು. ಜೀವಮಾನದಲ್ಲಿ ಅವಳು ಕೆಲಸದ ದಿಬ್ಬಕ್ಕೆ ಕಾಲಿಟ್ಟವಳಲ್ಲ. ಹತ್ತಿ, ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು.

"ಏಯ್, ಇಳಿಯಮ್ಮ. ಏನ್ ನಾಟಕ ಇದು?"

"ಇಲ್ಲಿ ಗುದ್ಲಿ ಆಕಾಕಿಲ್ಲ."

"ದಿಬ್ಬ ಕಡೀದಿದ್ರೆ ಬಟವಾಡೆ ಆಗಲ್ಲ. ಕೂಲಿ ಬೇಡ್ವಾ?"

"ಬ್ಯಾಡ."

"ಬೇರೆ ಜನ ಕರೆಸಿ ಕಡಿಸ್ತೀನಿ."

"ಕರ್ಸು. ಬರೋರೂ ಒಡ್ಡರೇ. ಬಂದು ಮೊದ್ಲು ನನ್ನ ಕಡೀಲಿ."

ಆವಲಪ್ಪ ಹಾರೆಯನ್ನು ನೆಲಕ್ಕೆ ಹಾಕಿದ. ಇನ್ನೊಬ್ಬ ಗುದ್ದಲಿ ಹಾಕಿದ. ಮಿಕ್ಕವರೂ ಹಾಕಿದರು. ಪಿಳ್ಳಮ್ಮ ನಡೆದು ಬಂದು ತಾಯಿಯ ಪಕ್ಕ ಕೂತಳು. ಇಂಜಿನಿಯರಿಗೆ ರೇಗಿಹೋಯಿತು. ದಿಬ್ಬದ ಮೇಲೆ ಒಂದು ಕಾಲಿಟ್ಟು ಬಗ್ಗಿ ಕೇಳಿದ.

"ಏನಿದೆ ಇದರೊಳಗೆ? ನಿಧಿ ಇದೆಯಾ?"

"ಕಾಲು ತೆಗಿ ಸ್ವಾಮಿ. ನನ್ನ ಮೊಮ್ಮಗ ಅವ್ನೆ."

ಅವನು ಕಾಲು ತೆಗೆದ. ಆಮೇಲೆ ಮೆಲ್ಲಗೆ, ಆದರೆ ಕೈಯಲ್ಲಿದ್ದ ಕಾಗದ ತೋರಿಸುತ್ತಲೇ ಹೇಳಿದ: "ನೋಡಮ್ಮ, ಇಲ್ಲಿ ಯಾರೂ ಇರಲಿಲ್ಲ ಅಂತ ಇದರಲ್ಲಿದೆ. ಮಂತ್ರಿಗಳೇ ಸಭೇಲಿ ಹೇಳಿದಾರೆ. ಯಾರೂ ಇಲ್ಲದ ಕಡೆ ಯಾರನ್ನ ಹೂತಿದ್ದೀರಿ ಅಂತ ನಾನು ಬರೀಲಿ?"

ವೆಂಕಟಮ್ಮ ಹುಲ್ಲಿನ ಮೇಲೆ ಅಂಗೈ ಊರಿಕೊಂಡೇ ಅವನ ಮುಖ ನೋಡಿದಳು. ಅಂದು ಆ ಗ್ಯಾಲರಿಯಲ್ಲಿ ಹೊರಳದ ನಾಲಗೆ ಈಗ ಹೊರಳಿತು.

"ಯಾರೂ ಇಲ್ಲ ಅಂದಿದ್ದು ಮಂತ್ರಿ ಅಲ್ಲ ಸ್ವಾಮಿ, ನಾನು. ಅಂಗಂತ ಬರಿ. ನಾನು ಅಂಗಂದಾಗ ಇವ್ನು ಗುಂಡೀಲಿ ಅಳ್ತಿದ್ದ."